ಫಾರಿನ್ ತಟ್ಟೆಯ ಬೆನ್ನು

ಹೋದ ತಿಂಗಳು ತಣಿಸಂದ್ರದಲ್ಲೇ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಶಿಫ್ಟ್ ಆದ್ವಿ. ಎರಡೂ ಮನೆಗಳ ನಡುವೆ ಒಂದೂವರೆ ಕಿಲೋಮೀಟರ್ ಕೂಡ ಇಲ್ಲ. ಆದ್ರೆ ದೂರ ಎಷ್ಟೇ ಇರಲಿ, ಡಬ್ಬ ಕಟ್ಟೋ ಕೆಲಸ ಮಾತ್ರ ಅಷ್ಟೇ ತಾನೇ? ಸಹಾಯಕ್ಕೆ ಅಂತ ಅಮ್ಮ ಚಳ್ಳಕೆರೆಯಿಂದ ಬಂದಿದ್ದರು. ಬರುವಾಗ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಬಸ್ಸಿನಲ್ಲಿ ಕೆಳಗೆ ಇಡದೆ ತೊಡೆ ಮೇಲೆ ಇಟ್ಕೊಂಡೇ ಬಂದಿದ್ದಾರೆ.

"ಅಜ್ಜಿ ತಟ್ಟೆಗಳು ಕಣೇ. ಇನ್ಮೇಲೆ ನೀನೇ ಇಟ್ಕೋ."

ನಮ್ಮ ಮನೆಯಲ್ಲಿ 'ಅಜ್ಜಿ ತಟ್ಟೆ' ಅಂದ್ರೆ ಒಂದು ಸಣ್ಣ ಪುರಾಣ. ಬಿಳಿ ಪಿಂಗಾಣಿ, ಅಂಚಿಗೆ ತೆಳು ನೀಲಿ ಗೆರೆ. ಅಜ್ಜ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದಾಗ ಬಾಂಬೆಯಿಂದ ಬಂದ ಯಾರೋ ಸಾಹುಕಾರರು ಕೊಟ್ಟಿದ್ದಂತೆ. "ಫಾರಿನ್ ಮಾಲು" ಅಂತ ಹೇಳಿಯೇ ಕೊಟ್ಟಿದ್ದಂತೆ. ಅಜ್ಜಿ ಅವನ್ನು ಗಾಜಿನ ಬೀರುವಿನಲ್ಲಿ ನಿಲ್ಲಿಸಿಟ್ಟಿದ್ದರು. ಬೀಗರು ಬಂದ್ರೆ ಹೊರಗೆ ಬರ್ತಿತ್ತು, ಆಮೇಲೆ ಮತ್ತೆ ಒಳಗೆ. ಅಜ್ಜಿ ತಾನು ಒಂದು ದಿನವೂ ಅದರಲ್ಲಿ ಉಂಡವರಲ್ಲ. "ಮುದ್ದೆಗೆ ಗಂಗಾಳ ಸಾಕು" ಅಂತಿದ್ದರು.

ಮೊದಲು ಆರು ತಟ್ಟೆ ಇದ್ವು, ಈಗ ಐದು. ಆರನೇದು ಒಡೆದಿದ್ದು ನಮ್ಮಮ್ಮ. ಆಗ ಅಮ್ಮನಿಗೆ ಹನ್ನೊಂದು ವರ್ಷ. ತೊಳೆಯುವಾಗ ಕೈ ಜಾರಿತಂತೆ. ಆವತ್ತು ಬಿದ್ದ ಏಟಿನ ಕಥೆ ನಮ್ಮ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಬರುತ್ತೆ. ಮಾವಂದಿರು ಇವತ್ತಿಗೂ ಅಮ್ಮನನ್ನು "ಫಾರಿನ್ ತಟ್ಟೆ ಒಡೆದೋಳು" ಅಂತಲೇ ರೇಗಿಸೋದು. ಅಮ್ಮನೂ ನಗ್ತಾರೆ. ಆದ್ರೆ ಆ ನಗು ಒಂದು ಕ್ಷಣ ತಡವಾಗಿ ಬರುತ್ತೆ ಅನ್ನೋದನ್ನ ನಾನು ದೊಡ್ಡವಳಾದ ಮೇಲೆ ಗಮನಿಸಿದೀನಿ.

ನ್ಯೂಸ್ ಪೇಪರ್ ಸುತ್ತಿ ಡಬ್ಬಕ್ಕೆ ಹಾಕೋಣ ಅಂತ ಒಂದು ತಟ್ಟೆ ತಗೊಂಡೆ. ಸುಮ್ಮನೆ ತಿರುಗಿಸಿ ನೋಡಿದೆ. ತಳದಲ್ಲಿ ಮಾಸಿದ ಮುದ್ರೆ. ಫೋನಿನ ಟಾರ್ಚ್ ಹಾಕಿ ಓದಿದೆ. 'ಬೆಂಗಾಲ್ ಪಾಟರೀಸ್' ಅಂತ ಇತ್ತು. ಅದರ ಕೆಳಗೆ 'ಮೇಡ್ ಇನ್ ಇಂಡಿಯಾ'.

ಕಲ್ಕತ್ತದ ತಟ್ಟೆ!

ಅಮ್ಮನಿಗೆ ಏನಂದೆ, ಅಮ್ಮ ಏನಂದರು ಅನ್ನೋದನ್ನ ಕೊನೆಗೆ ಹೇಳ್ತೀನಿ. ಯಾಕಂದ್ರೆ ಆ ಮುದ್ರೆ ನೋಡಿದ ತಕ್ಷಣ ನನಗೆ ನೆನಪಾಗಿದ್ದು ನಮ್ಮದೇ ಜಿಲ್ಲೆಯ ಇನ್ನೊಂದು 'ಫಾರಿನ್ ತಟ್ಟೆ'. ವಯಸ್ಸು ಸುಮಾರು ಎರಡು ಸಾವಿರ ವರ್ಷ. ಅದರ ಬೆನ್ನು ನೋಡೋಕೆ ವಿದ್ವಾಂಸರಿಗೇ ಹಲವು ದಶಕ ಬೇಕಾಯ್ತು. ಅಷ್ಟರಲ್ಲಿ ಅದು ಮಾಡಿದ ಅವಾಂತರ, ಅಮ್ಮನಿಗೆ ಬಿದ್ದ ಏಟಿಗಿಂತ ದೊಡ್ಡದು.

ಕಪ್ಪು ಹೊಳಪಿನ ಗುಟ್ಟು

ಕಥೆ ಶುರುವಾಗೋದು ಗ್ರೀಸಿನಲ್ಲಿ. ಅಥೆನ್ಸ್ ನಗರದ ಕುಂಬಾರರು ಮಾಡ್ತಿದ್ದ ಕಪ್ಪು ಹೊಳಪಿನ ಮಡಿಕೆ, ಬಟ್ಟಲು, ತಟ್ಟೆಗಳಿಗೆ ಆ ಕಾಲದಲ್ಲಿ ಎಲ್ಲಿಲ್ಲದ ಬೇಡಿಕೆ. ಗ್ರೀಕರು ಸಮುದ್ರ ದಾಟಿ ವಸಾಹತು ಕಟ್ಟಿದ ಕಡೆಯೆಲ್ಲ ಅವು ಹೋದವು. ಕಪ್ಪು ಸಮುದ್ರದ ದಡದ ಓಲ್ಬಿಯಾ, ಈಗ ಮಾರ್ಸೇಲ್ ಆಗಿರೋ ಮಸ್ಸಾಲಿಯಾ, ಸ್ಪೇನಿನ ಎಂಪೋರಿಯಾನ್, ಎಲ್ಲೇ ಅಗೆದರೂ ಅಥೆನ್ಸಿನ ಮಡಿಕೆ ಚೂರು ಸಿಗುತ್ತೆ.

ಅದನ್ನು ಸಾಮಾನ್ಯವಾಗಿ 'ಗ್ಲೇಜ್' ಅಂತಾರೆ. ನಿಜವಾಗಿ ನೋಡಿದ್ರೆ ಅದು ನಮ್ಮ ಉಪ್ಪಿನಕಾಯಿ ಜಾಡಿ ಮೇಲಿರೋ ಗಾಜಿನಂಥ ಗ್ಲೇಜ್ ಅಲ್ಲ. ಕಬ್ಬಿಣದ ಅಂಶ ಇರೋ ಜೇಡಿಮಣ್ಣನ್ನು ನೀರಲ್ಲಿ ಕದಡಿ, ಒರಟು ಕಣಗಳೆಲ್ಲ ತಳಕ್ಕೆ ಇಳಿದ ಮೇಲೆ ಉಳಿದ ನಯವಾದ ತಿಳಿಯನ್ನು ಬಳಿಯೋದು. ಮ್ಯಾಜಿಕ್ ನಡೆಯೋದು ಆವಿಗೆಯಲ್ಲಿ. ಮೊದಲು ಗಾಳಿ ಬಿಟ್ಟು ಸುಡ್ತಾರೆ, ಎಲ್ಲಾ ಕೆಂಪಾಗುತ್ತೆ. ಆಮೇಲೆ ಗಾಳಿಕಂಡಿ ಮುಚ್ಚಿ ಹಸಿ ಸೌದೆ ಹಾಕ್ತಾರೆ. ಆಮ್ಲಜನಕ ಸಾಲದೆ ಮಣ್ಣೊಳಗಿನ ಕಬ್ಬಿಣ ಕಪ್ಪಾಗುತ್ತೆ, ಬಳಿದ ತಿಳಿ ಬೆಸೆದುಕೊಂಡು ಗಟ್ಟಿ ಪೊರೆ ಆಗುತ್ತೆ. ಕೊನೆಗೆ ಮತ್ತೆ ಗಾಳಿ ಬಿಡ್ತಾರೆ. ಬಳಿಯದೆ ಬಿಟ್ಟ ಜಾಗ ಉಸಿರಾಡಿ ವಾಪಸ್ ಕೆಂಪಾಗುತ್ತೆ. ಪೊರೆ ಇರೋ ಜಾಗಕ್ಕೆ ಗಾಳಿ ಹೋಗೋದೇ ಇಲ್ಲ, ಅದು ಕಪ್ಪಾಗೇ ಉಳಿಯುತ್ತೆ. ಒಂದೇ ಮಣ್ಣು, ಒಂದೇ ಆವಿಗೆ, ಎರಡು ಬಣ್ಣ.

ಅಥೆನ್ಸಿನವರು ಕ್ರಿ.ಪೂ. 4ನೇ ಶತಮಾನದಲ್ಲಿ ಇದಕ್ಕೆ ಇನ್ನೊಂದು ಅಲಂಕಾರ ಸೇರಿಸಿದರು. ತಟ್ಟೆಯ ಒಳತಳದಲ್ಲಿ ಸುತ್ತಲೂ ಸಣ್ಣ ಸಣ್ಣ ಕಚ್ಚುಗಳ ಸಾಲು. ಹೊಲಿಗೆ ಹಾಕಿದ ಹಾಗೆ ಕಾಣುತ್ತೆ. ಇದಕ್ಕೆ ರೂಲೆಟಿಂಗ್ ಅಂತ ಹೆಸರು. ಈ ಪದ ನೆನಪಿರಲಿ, ಮುಂದೆ ಬರುತ್ತೆ.

ಗ್ರೀಕರ ಕಪ್ಪು ಹೊಳಪಿನ ಪರಂಪರೆಯಿಂದಲೇ ಮುಂದೆ ಇಟಲಿಯ ಕೆಂಪು ಹೊಳಪಿನ ಪಾತ್ರೆ ಬಂತು. ಅರೆಟ್ಸೋ ಊರಿನಲ್ಲಿ ಮಾಡ್ತಿದ್ದರಿಂದ ಅರೆಟೈನ್ ಅಂತಾರೆ. ಕುಂಬಾರ ತನ್ನ ಹೆಸರಿನ ಮುದ್ರೆಯನ್ನೇ ಒತ್ತಿ ಕಳಿಸ್ತಿದ್ದ. ಯಾವ ಮುದ್ರೆ ಯಾವ ಕಾಲದ್ದು ಅಂತ ಯುರೋಪಿನ ಪುರಾತತ್ವದವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಯಾವುದೋ ಊರು ಅಗೆದಾಗ ಇಂಥ ಚೂರು ಸಿಕ್ಕರೆ ಆ ಪದರಕ್ಕೆ ತಾರೀಕು ಹಚ್ಚೋದು ಸುಲಭ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರತಿ ಚೂರೂ ಒಂದು ಟೈಮ್‌ಸ್ಟ್ಯಾಂಪ್.

ಅರಿಕಮೇಡುವಿನಿಂದ ಬ್ರಹ್ಮಗಿರಿಗೆ

ಈ ಟೈಮ್‌ಸ್ಟ್ಯಾಂಪ್ ತಂತ್ರವನ್ನು ದಕ್ಷಿಣ ಭಾರತಕ್ಕೆ ತಂದವರು ಮಾರ್ಟಿಮರ್ ವೀಲರ್. ಬ್ರಿಟನ್ನಿನ ರೋಮನ್ ಕಾಲದ ಊರುಗಳನ್ನು ಅಗೆದು ಪಳಗಿದ್ದವರು. 1944ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು. ಆಗ ದಕ್ಷಿಣದ ಇತಿಹಾಸಪೂರ್ವ ಕಾಲಕ್ಕೆ ತಾರೀಕೇ ಇರಲಿಲ್ಲ. ಕಲ್ಲಿನ ಕೊಡಲಿ ಸಿಕ್ಕಿತ್ತು, ದೊಡ್ಡ ಕಲ್ಲುಗಳ ಗೋರಿ ಸಿಕ್ಕಿತ್ತು. ಆದ್ರೆ ಯಾವುದು ಯಾವಾಗಿನದು ಅಂತ ಕೇಳಿದ್ರೆ ಉತ್ತರ ಇಲ್ಲ.

ವೀಲರ್ ಮದ್ರಾಸಿನ ಮ್ಯೂಸಿಯಂಗೆ ಹೋದಾಗ ಅಲ್ಲಿ ಮೆಡಿಟರೇನಿಯನ್ ಕಡೆಯ ಜಾಡಿಯ ಚೂರೊಂದು ಕಣ್ಣಿಗೆ ಬಿತ್ತು. ವೈನ್, ಎಣ್ಣೆ ಸಾಗಿಸೋಕೆ ಬಳಸ್ತಿದ್ದ ಆಂಫೋರಾ ಅದು. ಎಲ್ಲಿ ಸಿಕ್ಕಿದ್ದು ಅಂದ್ರೆ, ಆಗ ಫ್ರೆಂಚರ ಕೈಯಲ್ಲಿದ್ದ ಪುದುಚೇರಿ ಹತ್ತಿರದ ಅರಿಕಮೇಡು. ಅಲ್ಲಿಗೆ ಹೋದರೆ ಇಟಲಿಯ ಕೆಂಪು ಅರೆಟೈನ್ ಚೂರುಗಳೂ ಕಂಡವು. 1945ರಲ್ಲಿ ಅಗೆದರು. ವೀಬಿ, ಕಾಮುರಿ, ಇಟ್ಟಾ ಅಂತೆಲ್ಲ ಇಟಲಿ ಕುಂಬಾರರ ಮುದ್ರೆ ಇದ್ದ ಚೂರುಗಳು ಸಿಕ್ಕವು. ಕಾಲ ಕ್ರಿ.ಶ. 1ನೇ ಶತಮಾನದ ಮೊದಲ ಭಾಗದ ಆಸುಪಾಸು. ವೀಲರ್ ಅದನ್ನು ಇಂಡೋ-ರೋಮನ್ ವ್ಯಾಪಾರ ಠಾಣೆ ಅಂತ ಕರೆದರು. ಗ್ರೀಕರ ವಸಾಹತು ಇದ್ದ ಹಾಗೆ ಇಲ್ಲೂ ಒಂದು.

ಅದೇ ಗುಂಡಿಗಳಲ್ಲಿ ಇನ್ನೊಂದು ಬಗೆಯ ತಟ್ಟೆಯೂ ರಾಶಿ ರಾಶಿ ಸಿಕ್ತು. ಬೂದು ಬಣ್ಣ, ಮುಟ್ಟಿದ್ರೆ ನಯ, ತೆಳು, ತಟ್ಟಿದ್ರೆ ಲೋಹದ ಹಾಗೆ ಠಣ್ ಅನ್ನೋ ಸದ್ದು. ಅಂಚು ಸ್ವಲ್ಪ ಒಳಕ್ಕೆ ಬಾಗಿರುತ್ತೆ. ಒಳತಳದಲ್ಲಿ ಸಣ್ಣ ಕಚ್ಚುಗಳ ವೃತ್ತ. ಹೌದು, ಅದೇ ರೂಲೆಟಿಂಗ್! ಇದಕ್ಕೆ ರೂಲೆಟೆಡ್ ವೇರ್ ಅಂತ ಹೆಸರಾಯ್ತು. ವೀಲರ್ ಲೆಕ್ಕ ಸರಳ. ಈ ಅಲಂಕಾರ ಭಾರತದ್ದಲ್ಲ, ಮೆಡಿಟರೇನಿಯನ್‌ದು. ಇಷ್ಟು ಒಳ್ಳೆ ಕೆಲಸ. ಅರೆಟೈನ್ ಸಿಕ್ಕಿದ ಊರಲ್ಲೇ ಸಿಕ್ಕಿದೆ. ಹಾಗಾದ್ರೆ ಮೂಲ ಪಶ್ಚಿಮದ್ದೇ, ಕಾಲವೂ ಕ್ರಿ.ಶ. 1ನೇ ಶತಮಾನವೇ.

ಈಗ ನಮ್ಮೂರಿಗೆ ಬರೋಣ. 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಗೆ ಬಂದರು. ಎರಡು ಕಡೆ ಅಗೆತ. ಒಂದು, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಶೋಕನ ಶಾಸನ ಇರೋ ಜಾಗ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಆ ಶಾಸನದಲ್ಲಿ ಬರೋ 'ಇಸಿಲ' ಅನ್ನೋ ಊರು ಇದೇ ಅಂತಾರೆ. ಇನ್ನೊಂದು, ಚಿತ್ರದುರ್ಗ ಪಟ್ಟಣಕ್ಕೆ ಅಂಟಿಕೊಂಡ ಹಾಗಿರೋ ಚಂದ್ರವಳ್ಳಿ. ಕೋಟೆ ನೋಡೋಕೆ ಹೋದವರೆಲ್ಲ ಅಂಕಲಿ ಮಠದ ಗುಹೆಗೂ ಹೋಗಿರ್ತೀರಿ, ಅದೇ ಜಾಗ. ಅಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ 1929ರಲ್ಲೇ ಅಗೆದು ಶಾತವಾಹನರ ನಾಣ್ಯ, ರೋಮ್ ಚಕ್ರವರ್ತಿ ಟಿಬೇರಿಯಸ್‌ನ ಬೆಳ್ಳಿ ನಾಣ್ಯ ಎಲ್ಲಾ ತೆಗೆದಿದ್ದರು. ಮಯೂರಶರ್ಮನ ಶಾಸನವನ್ನು ಬೆಳಕಿಗೆ ತಂದವರೂ ಅವರೇ.

ವೀಲರ್‌ಗೆ ಎರಡೂ ಕಡೆ ಬೇಕಾದ್ದು ಸಿಕ್ತು. ರೂಲೆಟೆಡ್ ವೇರ್! ಸಮುದ್ರದಿಂದ ಇಷ್ಟು ದೂರ, ಬಯಲುಸೀಮೆಯ ಬಂಡೆಗಳ ನಡುವೆ.

ಈಗ ಟೈಮ್‌ಸ್ಟ್ಯಾಂಪ್ ಸಿಕ್ತಲ್ಲ, ಉಳಿದಿದ್ದೆಲ್ಲ ಲೆಕ್ಕ. ರೂಲೆಟೆಡ್ ತಟ್ಟೆ, ನಾಣ್ಯ ಇರೋ ಮೇಲಿನ ಪದರ ಕ್ರಿ.ಶ. 1ನೇ ಶತಮಾನದ ನಡುವಿನಿಂದ ಅಂತ ಇಟ್ಟುಕೊಂಡರು. ಅದರ ಕೆಳಗೆ ಕಬ್ಬಿಣ ಬಳಸ್ತಿದ್ದ, ದೊಡ್ಡ ಕಲ್ಲಿನ ಗೋರಿ ಕಟ್ಟಿದ ಜನರ ಪದರ. ಅದಕ್ಕೆ ಕ್ರಿ.ಪೂ. 200ರಿಂದ. ಅದರ ಕೆಳಗೆ ಕಲ್ಲಿನ ಕೊಡಲಿಯವರು. ಅವರು ಕ್ರಿ.ಪೂ. ಒಂದನೇ ಸಹಸ್ರಮಾನದ ಆರಂಭದಿಂದ ಕ್ರಿ.ಪೂ. 2ನೇ ಶತಮಾನದ ಶುರುವಿನವರೆಗೆ.

ಈ ಲೆಕ್ಕದ ಅರ್ಥ ಏನು ಅಂತ ಒಂದು ನಿಮಿಷ ಯೋಚಿಸಿ. ಅಶೋಕ ಬ್ರಹ್ಮಗಿರಿಯ ಬಂಡೆ ಮೇಲೆ ಶಾಸನ ಕೆತ್ತಿಸಿದ್ದು ಕ್ರಿ.ಪೂ. 3ನೇ ಶತಮಾನದಲ್ಲಿ. ಅಂದ್ರೆ ಆ ಶಾಸನ ಕೆತ್ತುವಾಗ ಪಕ್ಕದಲ್ಲಿ ನಿಂತು ನೋಡ್ತಿದ್ದ ನಮ್ಮ ಜನ ಇನ್ನೂ ಕಲ್ಲಿನ ಕೊಡಲಿಯನ್ನೇ ಹಿಡಿದಿದ್ದರು! ಅಕ್ಷರ ಉತ್ತರದಿಂದ, ಕಬ್ಬಿಣವೂ ಉತ್ತರದಿಂದ, ಒಳ್ಳೆ ತಟ್ಟೆ ರೋಮ್‌ನಿಂದ. ನಮ್ಮದು ಅಂತ ಇದ್ದಿದ್ದು ಕಲ್ಲು ಮಾತ್ರ.

ಮುಟ್ಟಬೇಡ, ಅದು ಅವರ ಕೋಡ್

ವೀಲರ್ ದಡ್ಡರಲ್ಲ. ಪದರ ಪದರವಾಗಿ ಅಗೆಯೋದು, ಪ್ರತಿಯೊಂದನ್ನೂ ಅಳೆದು ಬರೆದಿಡೋದು, ಈ ಶಿಸ್ತನ್ನು ಭಾರತದ ಒಂದು ತಲೆಮಾರಿಗೆ ಕಲಿಸಿದವರು ಅವರೇ. ಅವರ ವಿಧಾನ ಸರಿಯಾಗೇ ಇತ್ತು. ಒಳಗೆ ಹಾಕಿದ ಒಂದು ಇನ್‌ಪುಟ್ ತಪ್ಪಾಗಿತ್ತು ಅಷ್ಟೇ.

ಇದು ಹೇಗೆ ಆಗುತ್ತೆ ಅನ್ನೋದು ನನಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ನಾನೇ ಮಾಡಿದೀನಿ. ಹಿಂದಿನ ಕೆಲಸದಲ್ಲಿ ಒಂದು ರಿಪೋರ್ಟ್‌ನಲ್ಲಿ ತಾರೀಕು ಒಂದು ದಿನ ಹಿಂದೆ ಬರ್ತಿತ್ತು. ತಾರೀಕು ಲೆಕ್ಕ ಹಾಕೋ ಒಂದು ಹಳೇ ಫೈಲ್ ಇತ್ತು. "ಅದು ಯುಎಸ್ ಟೀಮ್ ಬರೆದಿದ್ದು, ಸರಿ ಇರುತ್ತೆ, ಮುಟ್ಟಬೇಡ" ಅಂತ ನನಗೆ ಯಾರೋ ಹೇಳಿದ್ದರು. ನಾನೂ ಇನ್ನೊಬ್ಬರಿಗೆ ಹಾಗೇ ಹೇಳಿದ್ದೆ. ಮೂರು ದಿನ ನನ್ನ ಕೋಡನ್ನೇ ತಿರುಚಿದೆ, ಆ ಫೈಲ್ ತೆಗೆದು ನೋಡಲಿಲ್ಲ. ಕೊನೆಗೆ ಬೇಜಾರಾಗಿ ಗಿಟ್ ಬ್ಲೇಮ್ ಹಾಕಿದೆ, ಅಂದ್ರೆ ಯಾವ ಸಾಲು ಯಾರು ಬರೆದರು ಅಂತ ತೋರಿಸೋ ಕಮಾಂಡು. ಬರೆದವರು ನಮ್ಮ ಬೆಂಗಳೂರು ಆಫೀಸಿನಲ್ಲೇ ಎರಡು ಸಾಲು ಆಚೆ ಕೂತು ಕೆಲಸ ಮಾಡಿ ಹೋದವರು. ಮೇಲೆ ಒಂದು ಕಾಮೆಂಟ್ ಬೇರೆ: 'ತಾತ್ಕಾಲಿಕ, ಆಮೇಲೆ ಸರಿ ಮಾಡಬೇಕು'.

ಯುಎಸ್‌ನವರು ಬರೆದಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಯಾರೂ ಒಳಗೆ ಇಣುಕಿರಲಿಲ್ಲ. ಇಲ್ಲಿಯದು ಅಂತ ಗೊತ್ತಿದ್ದಿದ್ರೆ ಮೊದಲ ದಿನವೇ ತೆಗೆದು ನೋಡ್ತಿದ್ವಿ.

ರೂಲೆಟೆಡ್ ವೇರ್ ವಿಷಯದಲ್ಲೂ ಸುಳಿವು ಮೊದಲೇ ಇತ್ತು. ಅರಿಕಮೇಡುವಿನಲ್ಲಿ ವೀಲರ್ ಅಗೆದಾಗಲೇ ಅರೆಟೈನ್ ಸಿಗೋ ಪದರಕ್ಕಿಂತ ಕೆಳಗೂ ರೂಲೆಟೆಡ್ ಚೂರು ಸಿಕ್ಕಿದ್ವು. ಅಂದ್ರೆ ಇಟಲಿಯ ಮಾಲು ಬರೋದಕ್ಕೆ ಮುಂಚೆಯೇ ಈ ತಟ್ಟೆ ಅಲ್ಲಿತ್ತು. ಆ ವ್ಯತ್ಯಾಸ ಸಣ್ಣದು ಅಂತ ಅವರು ಮುಂದೆ ಹೋದರು.

ಅದನ್ನು ಹಿಡಿದು ನಿಲ್ಲಿಸಿದವರು ವಿಮಲಾ ಬೇಗ್ಲಿ. 1980ರ ದಶಕದಲ್ಲಿ ಅವರು ಅರಿಕಮೇಡುವಿನ ಚೂರುಗಳನ್ನೆಲ್ಲ ಮತ್ತೆ ಕೂತು ನೋಡಿದರು. ಆಕಾರ ನೋಡಿದರು, ಪದರ ನೋಡಿದರು, ಕಚ್ಚು ಹಾಕಿದ ಕೈಚಳಕ ನೋಡಿದರು. ಈ ತಟ್ಟೆಗಳು ಭಾರತದಲ್ಲೇ ಆದವು, ಕ್ರಿಸ್ತಪೂರ್ವದಲ್ಲೇ ಶುರುವಾದವು ಅಂತ ವಾದಿಸಿದರು. ಕಚ್ಚು ಹಾಕೋ ಉಪಾಯ ಮೆಡಿಟರೇನಿಯನ್ ಕಡೆಯಿಂದ ಬಂದಿರಬಹುದು, ಆದ್ರೆ ತಟ್ಟೆ ಅಲ್ಲಿಂದ ಬಂದಿದ್ದಲ್ಲ. 1989ರಿಂದ 1992ರವರೆಗೆ ಕೆ.ವಿ. ರಾಮನ್ ಜೊತೆ ಸೇರಿ ಮತ್ತೆ ಅಗೆದೂ ನೋಡಿದರು.

ಆಮೇಲೆ ಬಂತು ಮಣ್ಣಿನ ಗಿಟ್ ಬ್ಲೇಮ್. ಮಡಿಕೆ ಎಲ್ಲಿಗೆ ಹೋದರೂ ತನ್ನ ಊರಿನ ಮಣ್ಣನ್ನು ಹೊತ್ತುಕೊಂಡೇ ಹೋಗುತ್ತೆ. ಅದರಲ್ಲಿ ಯಾವ ಖನಿಜ ಎಷ್ಟಿದೆ ಅಂತ ಎಕ್ಸ್-ರೇ ಹಾಯಿಸಿ ಅಳೆದರೆ ಅದೊಂದು ಸಹಿ ಇದ್ದ ಹಾಗೆ. ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೋಗ್ಟೆ 1997ರಲ್ಲಿ ಬೇರೆ ಬೇರೆ ಊರುಗಳ ರೂಲೆಟೆಡ್ ಚೂರುಗಳನ್ನು ಹೀಗೆ ಹೋಲಿಸಿ ಪ್ರಕಟಿಸಿದರು. ಅವರು ಬೊಟ್ಟು ಮಾಡಿ ತೋರಿಸಿದ್ದು ಇಟಲಿಯನ್ನಲ್ಲ, ಗ್ರೀಸನ್ನೂ ಅಲ್ಲ. ಚಂದ್ರಕೇತುಗಢ, ತಾಮ್ಲುಕ್ ಸುತ್ತಮುತ್ತ, ಗಂಗೆಯ ಮುಖಜ ಭೂಮಿ.

ಬಂಗಾಳ! ಅಜ್ಜಿ ತಟ್ಟೆ ತಿರುಗಿಸಿದಾಗ ನಾನು ಯಾಕೆ ಅಷ್ಟು ಹೊತ್ತು ಸುಮ್ಮನೆ ಕೂತೆ ಅಂತ ಈಗ ಗೊತ್ತಾಯ್ತಲ್ವಾ?

2005ರಲ್ಲಿ ಇನ್ನೊಂದು ತಂಡ ರಾಸಾಯನಿಕ ಪರೀಕ್ಷೆ ಮಾಡಿದಾಗಲೂ, ದೂರ ದೂರದ ಊರುಗಳ ಈ ತಟ್ಟೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಮಣ್ಣಿನವು ಅಂತ ಕಂಡುಬಂತು. ಮೊದಲು ಆಮದು ಅಂದುಕೊಂಡಿದ್ದ ಮಾಲು ಈಗ ರಫ್ತಿನ ಪಟ್ಟಿಗೆ ಸೇರಿದೆ. ಶ್ರೀಲಂಕಾದ ಅನುರಾಧಪುರದಲ್ಲಿ ಸಿಕ್ಕಿದೆ, ಇಂಡೋನೇಷ್ಯಾದ ಬಾಲಿ ದ್ವೀಪದ ಸೆಂಬಿರನ್‌ನಲ್ಲಿ ಸಿಕ್ಕಿದೆ, ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬೆರೆನಿಕೆಯಲ್ಲೂ ಸಿಕ್ಕಿದೆ.

ಕಳೆದು ಹೋಗಿದ್ದ ಸಾವಿರ ವರ್ಷ

ತಟ್ಟೆ ಬಂಗಾಳದ್ದಾದ್ರೆ ನಮಗೇನು ಅಂತೀರಾ? ವಿಷಯ ಅಲ್ಲೇ ಇರೋದು. ತಟ್ಟೆಯ ಕಾಲ ಹಿಂದಕ್ಕೆ ಹೋದರೆ ಅದರ ಮೇಲೆ ಕಟ್ಟಿದ ಲೆಕ್ಕವೂ ಅಲುಗಾಡುತ್ತೆ. ಅಷ್ಟರಲ್ಲಿ ಕಾರ್ಬನ್-14 ಪರೀಕ್ಷೆಯೂ ಬಂದಿತ್ತು. ಎಂ.ಎಸ್. ನಾಗರಾಜ ರಾವ್ 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರನ್ನು ಅಗೆದರು. ಈಗಿನ ಹಾವೇರಿ ಜಿಲ್ಲೆ. ಅಲ್ಲಿ ಕಬ್ಬಿಣ ಸಿಕ್ಕ ಪದರದ ಕಾಲ ಕ್ರಿ.ಪೂ. 1000ದ ಆಸುಪಾಸು ಅಂತ ಬಂತು. ವೀಲರ್ ಕೊಟ್ಟಿದ್ದು ಕ್ರಿ.ಪೂ. 200! ಕಲ್ಲಿನ ಕೊಡಲಿಯ ಬೇಸಾಯಗಾರರ ಕಾಲವಂತೂ ಕ್ರಿ.ಪೂ. ಮೂರನೇ ಸಹಸ್ರಮಾನದವರೆಗೆ ಹಿಂದೆ ಹೋಯ್ತು. ದನ ಕಟ್ಟಿ, ಹುರುಳಿ ಬೆಳೆದು, ಬಂಡೆಗಳ ನಡುವೆ ಊರು ಮಾಡಿದವರು ಹರಪ್ಪದವರ ಸಮಕಾಲೀನರು.

ತಟ್ಟೆಯೊಂದೇ ಇದಕ್ಕೆಲ್ಲ ಕಾರಣ ಅಂತ ನಾನು ಹೇಳಲ್ಲ. ಪದರದ ದಪ್ಪ ನೋಡಿ ವರ್ಷ ಅಂದಾಜು ಮಾಡಿದ್ದು, ಎಷ್ಟೋ ಕಾಲ ಕೈಯಿಂದ ಕೈಗೆ ಹೋಗಿರಬಹುದಾದ ನಾಣ್ಯಗಳನ್ನು ನೆಚ್ಚಿದ್ದು, ಎಲ್ಲಾ ಸೇರಿ ಆದ ತಪ್ಪು. ಆದ್ರೆ 'ಒಳ್ಳೇದು ಅಂದ್ರೆ ಹೊರಗಿನದೇ ಇರಬೇಕು' ಅನ್ನೋ ಒಂದು ಊಹೆ ತಳದಲ್ಲಿ ಕೂತಿತ್ತು. ಅಶೋಕನ ಶಾಸನ ಕೆತ್ತುವ ಹೊತ್ತಿಗೆ ಬ್ರಹ್ಮಗಿರಿ ಸುತ್ತಿನ ಜನ ನೂರಾರು ವರ್ಷದಿಂದ ಕಬ್ಬಿಣ ಕಾಸಿ ಬಡಿಯೋದು ಬಲ್ಲವರು. ಒಂದೇ ಮಡಿಕೆಯಲ್ಲಿ ಕಪ್ಪು, ಕೆಂಪು ಎರಡೂ ಬಣ್ಣ ಬರಿಸೋದು ಬಲ್ಲವರು. ಆವಿಗೆಯಲ್ಲಿ ಗಾಳಿಯನ್ನು ಬಿಟ್ಟು ತಡೆದು ಆಡಿಸೋ ಆಟ, ಅಥೆನ್ಸಿನವರು ಆಡಿದ್ದರಲ್ಲ, ಅದರದೇ ಒಂದು ಬಗೆ ಇಲ್ಲೂ ಇತ್ತು.

ಹಾಗಂತ "ಎಲ್ಲಾ ನಮ್ಮದೇ, ಹೊರಗಿಂದ ಏನೂ ಬಂದಿಲ್ಲ" ಅಂತ ವಾಟ್ಸಾಪಿನಲ್ಲಿ ಹಂಚೋರ ಜೊತೆಗೂ ನಾನಿಲ್ಲ. ಅದೂ ಬೆನ್ನು ನೋಡದೆ ಹೇಳೋ ಮಾತೇ. ಅರಿಕಮೇಡುವಿನ ಅರೆಟೈನ್ ಪಶ್ಚಿಮದಿಂದಲೇ ಬಂದಿದ್ದು, ಆಂಫೋರಾಗಳೂ ಅಷ್ಟೇ. ನಮ್ಮ ತಣಿಸಂದ್ರದಿಂದ ಅಷ್ಟೇನೂ ದೂರ ಇಲ್ಲದ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ವು. 1965ರಲ್ಲಿ ಬೆಂಗಳೂರಲ್ಲೇ ಇನ್ನೊಂದು ಕಡೆ 256. (ಹೌದು, ಸರಿಯಾಗಿ 256. ಕಂಪ್ಯೂಟರ್‌ನವರು ನಗಬಹುದು.) ಅಗಸ್ಟಸ್, ಟಿಬೇರಿಯಸ್ ಕಾಲದ ನಾಣ್ಯಗಳು ಅವು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನುಂಗುತ್ತೆ ಅಂತ ರೋಮಿನ ಪ್ಲಿನಿ ಗೊಣಗಿದ್ದು ಸುಮ್ಮನೆ ಅಲ್ಲ. ಮೆಣಸು, ಬಟ್ಟೆ, ಮಣಿ ಅಂತ ತಗೊಂಡು ಹೋದವರು ಬೆಳ್ಳಿ ಕೊಟ್ಟು ಹೋದರು. ಕೊಡು-ಕೊಳ್ಳು ಎರಡೂ ಇತ್ತು. ಯಾವುದು ಬಂದಿದ್ದು, ಯಾವುದು ಹೋಗಿದ್ದು ಅನ್ನೋದನ್ನ ಒಂದೊಂದಾಗಿ ತಿರುಗಿಸಿ ನೋಡಬೇಕು ಅಷ್ಟೇ.

ನೋಡೋಕೆ ಮೊದಲು ವಸ್ತು ಉಳೀಬೇಕು ಅನ್ನೋದು ಇನ್ನೊಂದು ಮಾತು. ನಮ್ಮ ಹೊಸ ಮನೆ ಎದುರಿಗೆ ಅಪಾರ್ಟ್‌ಮೆಂಟಿಗೆ ಅಂತ ಜೆಸಿಬಿ ಹಗಲು ರಾತ್ರಿ ತೋಡ್ತಿದೆ. ನೆಲ ತೋಡಿ ತೆಗೆದ ಮಣ್ಣು ಟಿಪ್ಪರ್‌ನಲ್ಲಿ ಎಲ್ಲಿಗೆ ಹೋಗುತ್ತೋ ಯಾರಿಗೂ ಗೊತ್ತಿಲ್ಲ. ಇಲ್ಲೇ ಪಕ್ಕದ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. 'ಹೆಬ್ಬಾಳ' ಅನ್ನೋ ಹೆಸರಿಗೆ ಅಷ್ಟು ವಯಸ್ಸು ಅಂತ ಅದರಿಂದಲೇ ಗೊತ್ತಾಗಿದ್ದು. ಯಾರೋ ಒಬ್ಬರು ಆ ಕಲ್ಲನ್ನು ಕಲ್ಲು ಅಂತ ಬಿಡದೆ ತಿರುಗಿಸಿ ನೋಡಿದ್ದಕ್ಕೆ ಉಳಿದಿದೆ. ಕಲ್ಲಿನ ಮೇಲಾದ್ರೂ ಅಕ್ಷರ ಇತ್ತು. ಮಡಿಕೆ ಚೂರಿನ ಮೇಲೆ ಅದೂ ಇರಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಊರಿನ ಹೊಲದಲ್ಲಿ ಸಿಗ್ತಿದ್ದ ಬೋಕಿ ಆರಿಸಿ ಕುಂಟೆಬಿಲ್ಲೆ ಆಡಿದವಳು ನಾನು. ಅದರಲ್ಲಿ ಎಷ್ಟು ಸಾವಿರ ವರ್ಷವನ್ನ ಕಾಲಲ್ಲಿ ತಳ್ಳಿದೀನೋ!

ಅಮ್ಮ ಹೇಳಿದ್ದು

ಈಗ ಅಮ್ಮನ ವಿಷಯ. ಹೇಳೋದೋ ಬೇಡವೋ ಅಂತ ಮೊದಲು ಅನುಮಾನ ಆಯ್ತು. ಕೊನೆಗೆ ತಟ್ಟೆ ತಿರುಗಿಸಿ ಕೈಗೆ ಕೊಟ್ಟೆ. "ಅಮ್ಮ, ಇದು ಫಾರಿನ್‌ದಲ್ಲ. ಕಲ್ಕತ್ತದ್ದು" ಅಂದೆ.

ಅಮ್ಮ ಕನ್ನಡಕ ಹಾಕ್ಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಐದೂ ತಟ್ಟೆ ತಿರುಗಿಸಿದರು. ಅಜ್ಜಿಗೆ ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ. ಓದೋಕೆ ಬರ್ತಿದ್ದ ಬೀಗರು ತಟ್ಟೆ ತಿರುಗಿಸಿರಲಿಲ್ಲ. ಊಟ ಇರೋ ತಟ್ಟೆನ ಯಾರು ತಾನೇ ತಿರುಗಿಸ್ತಾರೆ?

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಹೇಳಿದರು: "ಇಲ್ಲೇ ಸಿಗೋದು ಅಂತ ಗೊತ್ತಿದ್ದಿದ್ರೆ ಇನ್ನೊಂದು ತಂದಿಡಬಹುದಿತ್ತಲ್ವೇನೇ?"

ಏಟು ಬಿದ್ದಿದ್ದು ತಪ್ಪು ಅಂತ ಅವರು ಹೇಳಲಿಲ್ಲ. ಅಜ್ಜಿ ಮೇಲೆ ಕೋಪವನ್ನೂ ಮಾಡಲಿಲ್ಲ. ಇನ್ನೊಂದು ತರಬಹುದಿತ್ತು, ಅಷ್ಟೇ. ಮತ್ತೆ ಸಿಗೋದೇ ಇಲ್ಲ ಅಂತ ನಂಬಿದ್ದಕ್ಕೇ ಅದು ಅಷ್ಟು ದೊಡ್ಡ ಅಪರಾಧ ಆಗಿದ್ದು. ನಲವತ್ತೈದು ವರ್ಷ ಒಬ್ಬಳು ಹುಡುಗಿ ಹೊತ್ತಿದ್ದು ಒಡೆದ ತಟ್ಟೆಯ ಭಾರ ಅಲ್ಲ, ಅದಕ್ಕೆ ಅಂಟಿಸಿದ್ದ ಚೀಟಿಯ ಭಾರ.

ಹೊಸ ಮನೆಗೆ ಬಂದ ದಿನ ಗ್ಯಾಸ್ ಕನೆಕ್ಷನ್ ಇನ್ನೂ ಆಗಿರಲಿಲ್ಲ. ಸಂಜೆ ಅಮ್ಮ ಊರಿಂದ ತಂದಿದ್ದ ಮಂಡಕ್ಕಿಗೆ ಈರುಳ್ಳಿ, ಟೊಮ್ಯಾಟೊ ಹೆಚ್ಚಿ ಹಾಕಿ ಒಗ್ಗರಣೆ ಖಾರ ಕಲಸಿದರು. ಕೆಳಗಿನ ಗಾಡಿಯಿಂದ ನಾನು ಮೆಣಸಿನಕಾಯಿ ಬಜ್ಜಿ ತಂದೆ. ಸ್ಟೀಲ್ ತಟ್ಟೆ ಯಾವ ಡಬ್ಬದಲ್ಲಿದೆ ಅಂತ ಹುಡುಕ್ತಾ ಇದ್ದಾಗ ಅಮ್ಮನೇ ಅಂದರು, "ಅಜ್ಜಿ ತಟ್ಟೆ ತೆಗಿ."

ನೆಲದ ಮೇಲೆ ಡಬ್ಬಗಳ ನಡುವೆ ಕೂತು ತಿಂದ್ವಿ. ತೊಳೆದು ಇಡುವಾಗ ಒಂದು ತಟ್ಟೆ ನನ್ನ ಕೈಯಿಂದ ನಲ್ಲಿಗೆ ತಗುಲಿ ಅಂಚು ಸಣ್ಣಗೆ ಚಕ್ಕೆ ಎದ್ದಿತು. ನಾನು ತಿರುಗಿ ನೋಡಿದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಾನೇ ಇದ್ದರು.

"ಇರಲಿ ಬಿಡು" ಅಂದರು.